ಸೂಜಿಯ ಮೇಲೆ ಬಂದ ದೂರು

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ನಮ್ಮ ಕಾಲದಲ್ಲಿ ಊರವರು ನಮ್ಮನ್ನು ನರ್ಸಮ್ಮ, ಸಿಸ್ಟರ್ ಎನ್ನುತ್ತಿದ್ದರು, ಅಷ್ಟಕ್ಕೇ ಮುಗಿಯುತ್ತಿತ್ತು. ಇವರಿಗೀಗ ಒಂದೇ ಉಸಿರಿನಲ್ಲಿ ಹೇಳಲಾಗದಷ್ಟು ಉದ್ದದ ಹುದ್ದೆಯ ಹೆಸರು ಬಂದಿದೆ. ಕೆಲಸ ಮಾತ್ರ ಅದೇ: ಬಸುರಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಮೇಲಿನವರಿಂದ ಬೈಸಿಕೊಳ್ಳುವುದು. ಅವರಲ್ಲೊಬ್ಬಳು, "ಸರ್ವೀಸಲ್ಲಿ ನಿಮಗೆ ಯಾವುದು ತುಂಬ ಕಷ್ಟ ಆಯ್ತು ಸಿಸ್ಟರ್? ಗುಡ್ಡ ಹತ್ತೋದಾ?" ಎಂದು ಕೇಳಿದಳು.

ಮಂಡಿ ಗಟ್ಟಿ ಇರುವ ತನಕ ಗುಡ್ಡ ಯಾವ ಲೆಕ್ಕ? ಕಷ್ಟದ್ದು ಒಂದೇ ಒಂದು ಪ್ರಶ್ನೆ. "ನಮ್ಮ ಮಗು ಯಾಕೆ ಹೀಗೆ?" ಎಂದು ತಾಯಿ ಕೇಳುತ್ತಾಳಲ್ಲ, ಅದು. ಆದರೆ ಅದೇ ಪ್ರಶ್ನೆ ನನಗೆ ಇಡೀ ಸರ್ವೀಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹುರುಪು ಕೊಟ್ಟದ್ದು ಕೂಡ. ನನಗೆ ವಾದ ಎಂದರೆ ಹಬ್ಬದೂಟ. "ನೀನು ನರ್ಸ್ ಆಗೋ ಬದಲು ಕೋರ್ಟಿಗೆ ಹೋಗ್ಬೇಕಿತ್ತು" ಎಂದು ನಮ್ಮ ಮನೆಯವರು ಈಗಲೂ ರೇಗಿಸುತ್ತಾರೆ. ಕರೆದರೆ ತಿರುಗದ, ಮುಖ ನೋಡದ, ಮಾತು ತಡವಾದ ಅಥವಾ ಬಾರದೇ ಉಳಿದ ಮಕ್ಕಳ ವಿಚಾರದಲ್ಲಿ ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ಜಗಳವಾಡುತ್ತಿದ್ದರು. ಆ ಜಗಳ ನಮ್ಮ ಕಮ್ಮರಡಿಯ ಆರೋಗ್ಯ ಕೇಂದ್ರದ ಬೆಂಚಿನ ಮೇಲೂ ಬಂದು ಕೂರುತ್ತಿತ್ತಲ್ಲ, ನನಗೆ ಮೈ ಜುಂ ಎನ್ನುತ್ತಿತ್ತು! ಇಲಾಖೆಯ ಪುಸ್ತಕದಲ್ಲಿ ಇದಕ್ಕೆ ಸ್ವಲೀನತೆ ಎಂದು ಬರೆದಿದೆ. ಆ ಪದವನ್ನು ಒಬ್ಬರ ಬಾಯಲ್ಲೂ ನಾನು ಕೇಳಲಿಲ್ಲ. ಎಲ್ಲರೂ ಆಟಿಸಂ ಎಂದೇ ಅನ್ನುವುದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗಾಜಿನ ಸಿರಿಂಜುಗಳನ್ನು ಕುದಿಸಿ ಕುದಿಸಿ ಬಳಸುತ್ತಿದ್ದ ಕಾಲ, ನಮಗೊಂದು ತರಬೇತಿ ಕೊಟ್ಟರು. ಪಾಠ ಮಾಡಲು ಬಂದ ಹಿರಿಯ ವೈದ್ಯರೊಬ್ಬರು ಆಟಿಸಂ ಬಗ್ಗೆ ಎರಡೇ ಮಾತು ಹೇಳಿ ಮುಗಿಸಿದರು. ತಾಯಿ ಪ್ರೀತಿಯಿಂದ ಎತ್ತಿ ಆಡಿಸದಿದ್ದರೆ ಮಗು ಹೀಗಾಗುತ್ತದೆ, ತಾಯಂದಿರಿಗೆ ಬುದ್ಧಿ ಹೇಳಿ, ಅಷ್ಟೇ. ನನ್ನ ಕಣ್ಣ ಮುಂದೆ ಕಮ್ಮರಡಿಯ ಒಬ್ಬ ತಾಯಿ ನಿಂತಳು. ಮಾತು ಬಾರದ ಮಗನನ್ನು ಅವನು ಐದು ವರ್ಷದವನಾದರೂ ಸೊಂಟದಿಂದ ಇಳಿಸದ ಹೆಂಗಸು. ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎದ್ದು ನಿಂತು, "ಸರ್, ನಮ್ಮಲ್ಲೊಬ್ಬಳು ತಾಯಿ ಇದ್ದಾಳೆ. ಅವಳಿಗೆ ಇನ್ನೂ ಇಬ್ಬರು ಮಕ್ಕಳು. ಅವರು ಬೆಳಗ್ಗೆ ಬಾಯಿ ತೆರೆದ್ರೆ ಮುಚ್ಚೋದು ಮಲಗಿದಾಗಲೇ. ಪ್ರೀತಿ ಕಡಿಮೆ ಬಿದ್ದದ್ದು ಒಬ್ಬನಿಗೆ ಮಾತ್ರವಾ?" ಎಂದು ಕೇಳಿದೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. "ಕೂತ್ಕೊಳ್ಳಿ" ಎಂದರು ಅವರು. ತಾಯಿಯನ್ನು ದೂರುವ ಆ ವಾದವನ್ನು ಪ್ರಪಂಚ ಆಗಲೇ ಗುಜರಿಗೆ ಹಾಕಿತ್ತು, ಇವರಿಗೆ ಸುದ್ದಿ ತಲುಪಿರಲಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಎಷ್ಟು ತಾಯಂದಿರು ಆ ಮಾತು ಕೇಳಿ ಅತ್ತರೋ ಏನೋ.

ಆಮೇಲೆ ನರಸಿಂಹರಾಜಪುರದ ಕಡೆಗೆ ವರ್ಗವಾಯಿತು. ಅಲ್ಲಿನ ಮೇಲಧಿಕಾರಿಗೆ ಎಲ್ಲಕ್ಕೂ ಟಿ.ವಿ.ಯೇ ಕಾರಣ. ಕಾಡಂಚಿನ ಮನೆಯ ಒಬ್ಬ ಹುಡುಗನ ಬಗ್ಗೆ ಹೇಳಿದೆ, ಕೂಡಲೇ, "ಟಿ.ವಿ. ಮುಂದೆ ಕೂರಿಸಿರ್ತಾರೆ" ಎಂದರು.

"ಅವರ ಮನೆಗೆ ಕರೆಂಟೇ ಬಂದಿಲ್ಲ ಸರ್."

"ಹಾಗಾದ್ರೆ ಪಕ್ಕದ ಮನೇಲಿ ನೋಡಿರ್ತಾನೆ."

"ಪಕ್ಕದ ಮನೆ ಗುಡ್ಡದ ಆಚೆಗೆ ಸರ್."

ಆ ವಾರವೆಲ್ಲ ಅವರು ನನ್ನೊಡನೆ ಮಾತಾಡಲಿಲ್ಲ. ಮೊಬೈಲ್ ಬಂದ ಮೇಲೆ ಅವರ ವಾದವೂ ಟಿ.ವಿ. ಬಿಟ್ಟು ಮೊಬೈಲಿಗೆ ಹತ್ತಿಕೊಂಡಿತು. ಪುಟ್ಟ ಮಕ್ಕಳಿಗೆ ಮೊಬೈಲ್ ಕೊಡುವುದು ಒಳ್ಳೆಯದಲ್ಲ, ಅದನ್ನು ನಾನೂ ಹೇಳುತ್ತೇನೆ. ಆದರೆ ಒಳ್ಳೆಯದಲ್ಲದ್ದೆಲ್ಲ ಇದಕ್ಕೆ ಕಾರಣ ಆಗುವುದಿಲ್ಲವಲ್ಲ.

ನಿವೃತ್ತಿಗೆ ಕೆಲವು ವರ್ಷ ಇರುವಾಗ ಡಾಕ್ಟರ್ ಕಾರ್ತಿಕ್ ಎಂಬ ಹುಡುಗ ನಮಗೆ ಅಧಿಕಾರಿಯಾಗಿ ಬಂದರು. ನನ್ನ ಮಗನ ಪ್ರಾಯ. ಇವರ ಮುಂದೆ ಬಾಯಿ ಮುಚ್ಚಿಕೊಂಡು ಇರಬೇಕಾಗುತ್ತದೆ ಎಂದುಕೊಂಡಿದ್ದೆ. ಮಾರಾಯರೇ, ಅವರು ನನಗಿಂತ ದೊಡ್ಡ ವಾದಗಾರರು! ಒಮ್ಮೆ ಅಡ್ಡಗದ್ದೆಯಲ್ಲಿ ಒಬ್ಬರು, ಹೆಂಡತಿ ಬಸುರಿ ಇದ್ದಾಗ ತೋಟಕ್ಕೆ ಕೊಳೆರೋಗದ ಔಷಧಿ ಮೈಲುತುತ್ತು ಹೊಡೆಸಿದ್ದಕ್ಕೇ ಮಗಳಿಗೆ ಹೀಗಾಯಿತು ಎಂದು ಹಣೆ ಚಚ್ಚಿಕೊಂಡರು. ಜೀಪು ಹತ್ತಿದ ಮೇಲೆ ನಾನು ನಕ್ಕೆ. ಡಾಕ್ಟರು ನಗಲಿಲ್ಲ.

"ನಗಬೇಡಿ ಸಿಸ್ಟರ್. ಬಸುರಿಲಿ ತೋಟದ ಔಷಧಿಗಳು ತಾಗಿದ್ರೆ ಏನಾಗುತ್ತೆ ಅಂತ ಈಗಲೂ ಹುಡುಕ್ತಾ ಇದ್ದಾರೆ. ಇವರ ಮೈಲುತುತ್ತಿಂದ ಆಯ್ತು ಅನ್ನೋಕೆ ಆಧಾರ ಇಲ್ಲ. ಆದ್ರೆ 'ಗೊತ್ತಿಲ್ಲ' ಅನ್ನೋದು ಬೇರೆ, 'ಅಲ್ಲ' ಅನ್ನೋದು ಬೇರೆ."

ಅಲ್ಲಿಂದ ಕೊಪ್ಪ ತಲುಪುವ ತನಕ ಜೀಪಿನಲ್ಲಿ ಒಂದೇ ಮಾತು. ಒಂದೇ ಮುಖದ ಅವಳಿಗಳಲ್ಲಿ ಒಬ್ಬನಿಗೆ ಆಟಿಸಂ ಇದ್ದರೆ ಇನ್ನೊಬ್ಬನಿಗೂ ಇರುವುದೇ ಹೆಚ್ಚಂತೆ, ಬೇರೆ ಬೇರೆ ಮುಖದ ಅವಳಿಗಳಲ್ಲಿ ಅಷ್ಟಿಲ್ಲವಂತೆ. ಅಂದರೆ ಹುಟ್ಟಿನಲ್ಲೇ, ವಂಶವಾಹಿಯಲ್ಲೇ ಬಹುಪಾಲು ಇದೆ. ಅದೂ ಒಂದಲ್ಲ, ನೂರಾರು ವಂಶವಾಹಿಗಳು. "ಹೆಚ್ಚು ಅಂದ್ರೆ ಪೂರ್ತಿ ಅಲ್ವಲ್ಲ ಸರ್? ಉಳಿದದ್ದು ಎಲ್ಲಿಂದ ಬಂತು?" ಎಂದೆ. "ಅಲ್ಲೇ ಇರೋದು ಜಗಳ!" ಎಂದು ಅವರು ಸೀಟಿಗೆ ಗುದ್ದಿದರು. ಡ್ರೈವರು ಬೆಚ್ಚಿ ಬ್ರೇಕು ಹಾಕಿದ. ಹಿಂದಿಲ್ಲದ್ದು ಈಗ ಯಾಕೆ ಇಷ್ಟು ಹೆಚ್ಚಾಯಿತು ಎಂದು ಅವರು ನನ್ನನ್ನೇ ಕೇಳಿದರು. ನಾನು ಹೇಳಿದೆ, ಹಿಂದೆಯೂ ಇದ್ದರು, ನಾವು ಅವರನ್ನು ಮೂಗ ಎಂದೋ ಪೆದ್ದ ಎಂದೋ ಕರೆದು ಕೊಟ್ಟಿಗೆ ಕೆಲಸಕ್ಕೆ ಹಾಕುತ್ತಿದ್ದೆವು, ಅಷ್ಟೇ. ಡಾಕ್ಟರು, "ಅದೂ ದೊಡ್ಡ ವಾದಾನೇ ಸಿಸ್ಟರ್!" ಎಂದು ಕುಣಿದುಬಿಟ್ಟರು. ಆ ದಿನ ಮನೆಗೆ ಬಂದು ಊಟ ಮಾಡುವಾಗಲೂ ನನ್ನ ತಲೆ ಗುಂಯ್ ಎನ್ನುತ್ತಿತ್ತು.

ಆದರೆ ವಾದವೆಲ್ಲ ಜೀಪಿನಲ್ಲಿ ಚೆಂದ. ಅದು ಮನೆಯೊಳಗೆ ಬಂದರೆ ಏನಾಗುತ್ತದೆ ಎನ್ನುವುದನ್ನು ನನಗೆ ಕಲಿಸಿದ್ದು ಬಾಳಗಡಿಯ ಒಂದು ಮನೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾಗರಾಜ ಎಂಬುವನು ಬಾಳಗಡಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ. ಹೆಂಡತಿ ಅಶ್ವಿನಿ, ತಾಯಿ ಗಿರಿಜಮ್ಮ. ಮಗ ಸುಹಾಸನಿಗೆ ಆಟಿಸಂ ಎಂದು ಶಿವಮೊಗ್ಗದ ವೈದ್ಯರು ಹೇಳಿದ್ದರು. ಅವನ ನಂತರ ಹುಟ್ಟಿದ ಹೆಣ್ಣು ಕೂಸಿಗೆ ಒಂಬತ್ತು ತಿಂಗಳು ತುಂಬಿ, ದಡಾರದ ಲಸಿಕೆ ಹಾಕುವ ಸಮಯ ಬಂದಿತ್ತು. ಅದೇ ಹೊತ್ತಿಗೆ ಹತ್ತಿರದ ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿ ದಡಾರ ಎದ್ದಿತ್ತು. ಒಂದು ಮಗುವಿಗೆ ಅದು ಎದೆಗೆ ಇಳಿದು, ಉಸಿರಾಡಲಾಗದೆ, ಶಿವಮೊಗ್ಗಕ್ಕೆ ಸಾಗಿಸಿದ್ದರು. ನಾನು ಓಡಿಕೊಂಡು ಅಶ್ವಿನಿಯ ಮನೆಗೆ ಹೋದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕೂಸಿಗೆ ಹಾಕ್ಸಲ್ಲ ಸಿಸ್ಟರ್. ಸುಹಾಸನಿಗೆ ಒಂದೂವರೆ ವರ್ಷದ ಸೂಜಿ ಹಾಕಿದ ದಿನ ಜ್ವರ ಬಂತು. ಅದಾದ್ಮೇಲೆ 'ಅಮ್ಮ' ಅಂತಿದ್ದದ್ದೂ ನಿಂತುಹೋಯ್ತು. ಅಲ್ಲಿವರೆಗೆ ಸರಿಯಾಗೇ ಇದ್ದ."

ಮೊಬೈಲಿನಲ್ಲಿ ಯಾರೋ ಕಳಿಸಿದ್ದ ವಿಡಿಯೋ ತೋರಿಸಿದಳು. ಹೊರದೇಶದ ವೈದ್ಯನೊಬ್ಬ ದಡಾರದ ಲಸಿಕೆಯಿಂದಲೇ ಆಟಿಸಂ ಬರುತ್ತದೆ ಎಂದು ಕಂಡುಹಿಡಿದನಂತೆ, ಕೆಳಗೆ ಕನ್ನಡದಲ್ಲಿ ಬರಹ. ಆ ಲೇಖನವನ್ನು ಅಚ್ಚು ಹಾಕಿದ ಪತ್ರಿಕೆಯೇ ವಾಪಸ್ ತೆಗೆದುಕೊಂಡಿದೆ, ಆ ವೈದ್ಯನ ಪರವಾನಗಿಯೂ ಹೋಗಿದೆ ಎಂಬುದು ಮಾತ್ರ ವಿಡಿಯೋದಲ್ಲಿ ಇರಲಿಲ್ಲ. ನಾನು ಅದನ್ನೆಲ್ಲ ಹೇಳಿದೆ. ಕೊನೆಗೆ, "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿದೆ ಅಷ್ಟೇ ಮಾರಾಯ್ತಿ. ಮಾತು ನಿಲ್ಲೋದು ಗೊತ್ತಾಗೋ ಪ್ರಾಯವೂ ಅದೇ, ಸೂಜಿ ಹಾಕೋ ಪ್ರಾಯವೂ ಅದೇ" ಎಂದೆ.

"ಮುರಿದದ್ದು ನಮ್ಮನೆ ಕೊಂಬೆ ಸಿಸ್ಟರ್. ಕಾಗೆ ಕೂತದ್ದನ್ನ ನಾನು ಕಣ್ಣಾರೆ ನೋಡಿದೀನಿ" ಎಂದಳು ಅವಳು. ನಾನು ಚೀಲ ಎತ್ತಿಕೊಂಡು ಹೊರಟೆ.

ಡಾಕ್ಟರ ಹತ್ತಿರ ಬಂದು ಒಂದು ಉಪಾಯ ಹೇಳಿದೆ. ಆ ವಿಡಿಯೋದಲ್ಲಿದ್ದದ್ದು ಮೂರು ರೋಗಕ್ಕೆ ಸೇರಿಸಿ ಕೊಡುವ ಲಸಿಕೆ, ನಮ್ಮದು ಎರಡಕ್ಕೆ ಮಾತ್ರ. "ಅದು ಬೇರೆ, ಇದು ಬೇರೆ ಅಂತ ಹೇಳಿದ್ರೆ ಒಪ್ಪಿಬಿಡ್ತಾಳೆ ಸರ್!" ಡಾಕ್ಟರಿಗೆ ಸಿಟ್ಟೇ ಬಂತು. "ಹಾಗೆ ಜಾರಿಕೊಂಡ್ರೆ ಆ ಲಸಿಕೆ ತಪ್ಪಿತಸ್ಥ ಅಂತ ನಾವೇ ಒಪ್ಪಿದ ಹಾಗಾಯ್ತು. ಸುಳ್ಳಿಂದ ಹಾಕಿಸಿದ ಸೂಜಿ ನಾಳೆ ಇನ್ನೊಂದು ಸುಳ್ಳಿಗೆ ನಿಂತುಹೋಗುತ್ತೆ." ಅಂಥ ಮೇಲಧಿಕಾರಿ ಸಿಗುವುದು ಪುಣ್ಯ. ಆಗ ಮಾತ್ರ ನನಗೆ ಉರಿದುಹೋಗಿತ್ತು.

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. ಹೊರದೇಶದಲ್ಲಿ ಸಂಶೋಧಕರು ಇಂಥ ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೋಗಳನ್ನು ತರಿಸಿ ನೋಡಿದ್ದಾರೆ. ಮನೆಯವರಿಗೆ ಅನುಮಾನವೇ ಬಾರದ ದಿನಗಳಲ್ಲೂ ಕೆಲವು ಮಕ್ಕಳು ಹೆಸರು ಕರೆದರೆ ತಿರುಗದೆ ಇದ್ದದ್ದು ಅದರಲ್ಲಿ ಕಂಡಿದೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮೂರಲ್ಲಿ ಹುಟ್ಟುಹಬ್ಬಕ್ಕೆ ಯಾರು ವಿಡಿಯೋ ಮಾಡಿಸುತ್ತಾರೆ? ಆದರೆ ಮದುವೆ! ಸಾಲ ಮಾಡಿಯಾದರೂ ಮದುವೆಗೆ ವಿಡಿಯೋ ಮಾಡಿಸುವ ಜನ ನಾವು. ನಾಗರಾಜನ ತಂಗಿಯ ಮದುವೆಗೆ ನಾನೇ ಹೋಗಿದ್ದೆ. ಸುಹಾಸನಿಗೆ ಆಗ ವರ್ಷ ತುಂಬಿತ್ತು, ಒಂದೂವರೆ ವರ್ಷದ ಲಸಿಕೆ ಇನ್ನೂ ಆಗಿರಲಿಲ್ಲ.

ನಾಗರಾಜ ಕಡಿಮೆ ಮಾತಿನವನು. ವಿಷಯ ಕೇಳಿ, "ನೋಡಿ ಸಿಸ್ಟರ್, ನಂಗೂ ನೋಡ್ಬೇಕು" ಎಂದು ಪೆನ್‌ಡ್ರೈವ್ ಕೊಟ್ಟ. ಹಾಕಿ ನೋಡಿದರೆ ದೇವರೇ! ತಾವರೆ ಹೂ ಅರಳಿ ಅದರೊಳಗಿಂದ ಮದುಮಗಳು ಬರುತ್ತಾಳೆ, ಮದುಮಗ ಮೋಡದ ಮೇಲೆ ನಿಂತಿದ್ದಾನೆ. ಮೊದಲಿನಿಂದ ಕೊನೆಯ ತನಕ ಹಾಡು. ಒಂದೇ ಒಂದು ಮನುಷ್ಯರ ದನಿ ಇಲ್ಲ. ಸುಹಾಸ ಕಾಣುತ್ತಾನೆ, ಅವನ ಕಡೆ ಬಗ್ಗಿದವರ ತುಟಿಯೂ ಅಲ್ಲಾಡುತ್ತದೆ. ಆದರೆ ಅವರು ಅವನನ್ನು ಕರೆಯುತ್ತಿದ್ದಾರೋ, ಪಾಯಸ ಆಯ್ತಾ ಎಂದು ಅಡಿಗೆಯವರನ್ನು ಕೇಳುತ್ತಿದ್ದಾರೋ ಯಾರಿಗೆ ಗೊತ್ತು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ವಿಡಿಯೋ ತೆಗೆದ ರಫೀಕನ ಸ್ಟುಡಿಯೋ ಕೊಪ್ಪದ ಪೇಟೆಯಲ್ಲಿತ್ತು, ಅಲ್ಲಿಗೆ ಹೋದೆ. ನಾಗರಾಜ ಮೊದಲೇ ಫೋನ್ ಮಾಡಿ ಕೊಡಲು ಹೇಳಿದ್ದ. ರಫೀಕನಿಗೆ ಮಾತ್ರ ತನ್ನ ಕೆಲಸದಲ್ಲಿ ನಾನು ತಪ್ಪು ಹುಡುಕಲು ಬಂದಿದ್ದೇನೆಂದು ಗಾಬರಿ.

"ಎಡಿಟಿಂಗಲ್ಲಿ ಎಂತ ಆಗಿದೆ ಹೇಳಿ ಸಿಸ್ಟರ್, ಸರಿ ಮಾಡಿ ಕೊಡ್ತೀನಿ."

"ಎಂತದೂ ಆಗಿಲ್ಲ ಮಾರಾಯ. ನಂಗೆ ಎಡಿಟ್ ಮಾಡದೇ ಇರೋದು ಬೇಕು."

"ಅದನ್ನ ಯಾರಾದ್ರೂ ನೋಡ್ತಾರಾ? ಬರೀ ಜನ ಓಡಾಡೋದು, ಮಕ್ಕಳು ಕಿರುಚೋದು, ಗದ್ದಲ!"

"ನಂಗೆ ಗದ್ದಲವೇ ಬೇಕಿರೋದು!"

ಮದುವೆ ಮನೆಯವರು ಮುಂದೆ ಯಾವತ್ತಾದರೂ, ನಮ್ಮ ಮಾವನದ್ದು ಬಂದಿಲ್ಲ, ಅತ್ತಿಗೆಯದ್ದು ಬಂದಿಲ್ಲ ಎಂದು ಜಗಳಕ್ಕೆ ಬರುತ್ತಾರೆಂದು ಅವನು ತೆಗೆದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುತ್ತಿದ್ದ. ನಮ್ಮವರ ಜಗಳಗಂಟಿತನದಿಂದ ವಿಜ್ಞಾನಕ್ಕೆ ಉಪಕಾರ ಆದದ್ದು ಅದೊಂದೇ ಸಲ ಇರಬೇಕು.

ಭಾನುವಾರ ಅವರ ಮನೆಯಲ್ಲೇ ಎಲ್ಲರೂ ಟಿ.ವಿ. ಮುಂದೆ ಕೂತೆವು. ಡಾಕ್ಟರೂ ಬಂದಿದ್ದರು. "ನೀವು ಏನೂ ಹೇಳಬೇಡಿ, ಅವರೇ ನೋಡ್ಲಿ" ಎಂದು ನನಗೆ ದಾರಿಯಲ್ಲೇ ಹೇಳಿದ್ದರು. ಸುಹಾಸ ಮೂಲೆಯಲ್ಲಿ ಅಪ್ಪನ ಹಳೆ ಬೇರಿಂಗುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಕೂಸು ಅಶ್ವಿನಿಯ ತೊಡೆಯ ಮೇಲಿತ್ತು.

ಪರದೆಯ ಮೇಲೆ ಛತ್ರದ ಗದ್ದಲ. ಒಂದು ವರ್ಷದ ಸುಹಾಸ ಚಾಪೆಯ ಮೇಲೆ ಕೂತು ಟೇಬಲ್ ಫ್ಯಾನು ನೋಡುತ್ತಿದ್ದಾನೆ. ಪಕ್ಕದಲ್ಲಿ ಅದೇ ಪ್ರಾಯದ ಇನ್ನೊಂದು ಮಗು. ಮದುಮಗಳು ಬಗ್ಗಿ, "ಸುಹಾಸ್! ಸುಹಾಸ್ ಪುಟ್ಟಾ! ಅತ್ತೆ ನೋಡು!" ಎಂದು ಕರೆದಳು. ಅವನು ತಿರುಗಲಿಲ್ಲ. ಪಕ್ಕದ ಮಗು ತಿರುಗಿತು. ಗಿರಿಜಮ್ಮ ಬಂದು ಕರೆದರು. ಆಗಲೂ ಪಕ್ಕದ ಮಗುವೇ ತಿರುಗಿ ಹಲ್ಲು ಕಿರಿಯಿತು. ಅಷ್ಟರಲ್ಲಿ ಓಲಗ ಶುರುವಾಯಿತು ನೋಡಿ, ಸುಹಾಸ ಚಕ್ಕನೆ ಆ ಕಡೆ ತಿರುಗಿದ. ಕಿವಿ ಚೆನ್ನಾಗಿ ಕೇಳುತ್ತಿದೆ! ಆಮೇಲೆ ಅಶ್ವಿನಿ ಬಂದಳು. ಕರೆದಳು, ಚಪ್ಪಾಳೆ ತಟ್ಟಿದಳು, ಗಲ್ಲ ಹಿಡಿದು ಮುಖ ತಿರುಗಿಸಿದಳು. ಅವನ ಕಣ್ಣು ಅವಳ ಹೆಗಲ ಮೇಲಿಂದ ಫ್ಯಾನಿಗೇ ಹೋಯಿತು.

ನನ್ನಿಂದ ತಡೆಯಲಾಗಲಿಲ್ಲ. "ನೋಡಿ! ನೋಡಿ! ಸೂಜಿಗಿಂತ ಮುಂಚೆ!" ಎಂದು ಕೂಗಿಯೇಬಿಟ್ಟೆ. ಡಾಕ್ಟರು ನನ್ನನ್ನು ದುರುಗುಟ್ಟಿ ನೋಡಿದರು.

ನಾಗರಾಜ ನಿಧಾನಕ್ಕೆ, "ಇದಕ್ಕೂ ಮುಂಚೆ ಒಂಬತ್ತನೇ ತಿಂಗಳಿಂದು ಹಾಕ್ಸಿದ್ವಲ್ಲ?" ಎಂದ. ಡಾಕ್ಟರ ಮುಖ ಅರಳಿತು. "ಸರಿಯಾದ ಪ್ರಶ್ನೆ. ಈ ಒಂದು ವಿಡಿಯೋ ಅದಕ್ಕೆ ಉತ್ತರ ಕೊಡೋಲ್ಲ. ಒಂದೊಂದು ದೇಶದಲ್ಲಿ ಲಕ್ಷಗಟ್ಟಲೆ ಮಕ್ಕಳನ್ನ ನೋಡಿದ್ದಾರೆ, ಲಸಿಕೆ ಹಾಕಿಸಿದವರು, ಹಾಕಿಸದವರು ಇಬ್ಬರನ್ನೂ. ಆಟಿಸಂ ಬರೋದ್ರಲ್ಲಿ ವ್ಯತ್ಯಾಸ ಕಂಡಿಲ್ಲ. ಅದು ಉತ್ತರ. ಈ ವಿಡಿಯೋ ಹೇಳೋದು ಇಷ್ಟೇ, ಆ ಜ್ವರದ ದಿನ ಇವನು ಬದಲಾಗಲಿಲ್ಲ. ಮುಂಚೆಯೇ ಹೀಗಿದ್ದ."

ಗೆದ್ದೆವು ಎಂದುಕೊಂಡೆ ನಾನು. ಆಗ ಗಿರಿಜಮ್ಮ ಬಾಯಿ ತೆರೆದರು.

"ಹಂಗಾದ್ರೆ ಸೂಜಿ ಅಲ್ಲ. ಹೊಟ್ಟೇಲಿದ್ದಾಗ್ಲೇ ಆಗಿದ್ದು" ಎಂದು ಸೊಸೆಯ ಕಡೆ ತಿರುಗಿದರು. "ಬಸುರಿಲಿ ಸ್ಕೂಟಿ ಓಡಿಸ್ಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ ನೀನು?"

ನನ್ನ ಹುರುಪೆಲ್ಲ ಜರ್ರನೆ ಇಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಇಷ್ಟು ದಿನ ಈ ಮನೆಯವರ ಬರೆಯನ್ನೆಲ್ಲ ಸೂಜಿ ತಿಂದಿತ್ತು. ಸೂಜಿಗೆ ನೋವಾಗುವುದಿಲ್ಲ. ಅದನ್ನು ನಾನು ಜಾಣತನದಿಂದ ಪಕ್ಕಕ್ಕೆ ಸರಿಸಿದ್ದೆ, ಅದರ ಹಿಂದೆ ನಿಂತಿದ್ದವಳು ಅಶ್ವಿನಿ. ಇದು ನನಗೆ ಹೊಳೆದೇ ಇರಲಿಲ್ಲ.

ಅಶ್ವಿನಿ ಅಳಲಿಲ್ಲ. ಟಿ.ವಿ. ಕಡೆಯೇ ನೋಡುತ್ತ ಹೇಳಿದಳು, "ಅವತ್ತು ಸೂಜಿಗೆ ಕರ್ಕೊಂಡು ಹೋದವಳೂ ನಾನೇ ಅತ್ತೆ. ಕೊಸರಾಡ್ತಿದ್ದವನನ್ನ ಅಲ್ಲಾಡದ ಹಾಗೆ ಒತ್ತಿ ಹಿಡ್ಕೊಂಡವಳೂ ನಾನೇ. ಸೂಜಿ ಆದ್ರೂ ನನ್ನ ತಪ್ಪೇ, ಹೊಟ್ಟೆ ಆದ್ರೂ ನನ್ನ ತಪ್ಪೇ. ಯಾವುದಾದ್ರೂ ಒಂದು ಹೇಳಿ, ಒಪ್ಕೊಂಡುಬಿಡ್ತೀನಿ."

ಡಾಕ್ಟರು ಏನೋ ಹೇಳಲು ಹೊರಟರು, ನಾನು ಅವರ ತೋಳು ಹಿಡಿದೆ. ಮಾತಾಡಿದ್ದು ನಾಗರಾಜ.

"ಅಮ್ಮ, ನಂಗೆ ಮಾತು ಬಂದದ್ದು ಎಷ್ಟು ವರ್ಷಕ್ಕೆ?"

ಗಿರಿಜಮ್ಮ ಮುಖ ತಿರುಗಿಸಿದರು.

"ನಾಲ್ಕು ತುಂಬಿದ ಮೇಲೆ ಅಲ್ವಾ? ಆಗ ಅಜ್ಜಿ ನಿಂಗೆ ಎಂತ ಅಂತಿದ್ರು?"

ಗಿರಿಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. "ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ಲು, ಅದಕ್ಕೇ ಮಾಣಿಗೆ ಮಾತಿಲ್ಲ ಅಂತಿದ್ರು. ಬಂದವರ ಹತ್ರ ಎಲ್ಲ ಅದನ್ನೇ ಹೇಳೋರು." ಅವರು ನನ್ನ ಕಡೆ ತಿರುಗಿದರು. "ನಾನು ಹೊರಗೆ ಬಂದೇ ಇರ್ಲಿಲ್ಲ ಸಿಸ್ಟರ್. ಕಿಟಕಿಗೆ ಗೋಣಿ ಕಟ್ಕೊಂಡು ಒಳಗೇ ಕೂತಿದ್ದೆ. ಎಷ್ಟು ಹೇಳಿದ್ರೂ ಒಬ್ರೂ ನಂಬ್ಲಿಲ್ಲ."

ನಾನು ಅತ್ತುಬಿಟ್ಟೆ. ತಂದೆಗೆ ಮಾತು ತಡವಾದದ್ದಕ್ಕೂ ಮಗನ ಆಟಿಸಂಗೂ ನಂಟಿದೆಯೋ ಇಲ್ಲವೋ ಎಂದು ಬೇರೆ ದಿನವಾಗಿದ್ದರೆ ನಾನೂ ಡಾಕ್ಟರೂ ಸಂಜೆಯ ತನಕ ಕಚ್ಚಾಡುತ್ತಿದ್ದೆವು. ಅವತ್ತು ಇಬ್ಬರೂ ತುಟಿ ಬಿಚ್ಚಲಿಲ್ಲ. ಗಿರಿಜಮ್ಮನೇ ಕಣ್ಣೊರೆಸಿಕೊಂಡು ಕೇಳಿದರು.

"ಕೂಸಿಗೆ ಯಾವತ್ತು ಹಾಕೋದು?"

"ಗುರುವಾರ."

"ಬರ್ತೀವಿ. ಕೂಸನ್ನ ನಾನು ಹಿಡ್ಕೊಳ್ತೀನಿ. ಇವಳು ಬೇಡ." ಅಶ್ವಿನಿ ತಿರುಗಿ ಅತ್ತೆಯ ಮುಖ ನೋಡಿದಳು. ಬೇಡ ಎನ್ನಲಿಲ್ಲ.

ಗುರುವಾರ ಕೂಸನ್ನು ಎತ್ತಿಕೊಂಡು ನಾಲ್ವರೂ ಬಂದರು. ಗಿರಿಜಮ್ಮ ಬೆಂಚಿನ ಮೇಲೆ ಕೂತು ಕೂಸನ್ನು ಎದೆಗೆ ಅವುಚಿ ಹಿಡಿದು, ಸೂಜಿ ಚುಚ್ಚುವಾಗ ತಾವೇ ಕಣ್ಣು ಮುಚ್ಚಿಕೊಂಡರು. ಕೂಸು ಕಿರುಚಿತು. ಸುಹಾಸ ಎರಡೂ ಕಿವಿ ಮುಚ್ಚಿಕೊಂಡು ಜಗಲಿಯ ತುದಿಗೆ ಓಡಿದ. ಅಶ್ವಿನಿ ಅವನ ಹಿಂದೆ ಹೋಗಿ, ಮುಟ್ಟದೆ, ಪಕ್ಕದಲ್ಲಿ ಕೂತಳು. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳಬೇಕು ಎನ್ನುವುದು ನಮ್ಮ ನಿಯಮ. ಹೊಸಬರಿಗೆ ಒಂದು ಮಾತು ಹೇಳುತ್ತೇನೆ, ಆ ಅರ್ಧ ಗಂಟೆ ಮೊಬೈಲ್ ನೋಡಬೇಡಿ. ಸೂಜಿಯನ್ನು ಯಾರು ಬೇಕಾದರೂ ಹಾಕಬಹುದು, ನಮ್ಮ ಕೆಲಸ ಇರುವುದು ಆ ಅರ್ಧ ಗಂಟೆಯಲ್ಲಿ.

ಸುಹಾಸ ಸಮಾಧಾನವಾದ ಮೇಲೆ ಅಶ್ವಿನಿ ನನ್ನ ಹತ್ತಿರ ಬಂದಳು. "ಸೂಜಿ ಅಲ್ಲ, ಸ್ಕೂಟಿ ಅಲ್ಲ. ಹಾಗಾದ್ರೆ ಎಂತದು ಸಿಸ್ಟರ್?"

ಬೇಡ ಬೇಡ ಎಂದರೂ ನನಗೆ ಹುರುಪು ಬಂದೇಬಿಟ್ಟಿತು. "ಪೂರ್ತಿ ಗೊತ್ತಿಲ್ಲ ಕಣೇ! ಹುಟ್ಟಿಂದ ಬರೋದೇ ಜಾಸ್ತಿ ಅಂತಾರೆ. ಆದ್ರೆ ಯಾವುದು ಎಷ್ಟು ಅಂತ ಇನ್ನೂ ಇತ್ಯರ್ಥ ಆಗಿಲ್ಲ. ಪ್ರಪಂಚದ ದೊಡ್ಡ ದೊಡ್ಡ ತಲೆಗಳೆಲ್ಲ ಕೂತು ಇವತ್ತಿಗೂ ಜಗಳ ಆಡ್ತಾ ಇದ್ದಾರೆ, ಗೊತ್ತುಂಟಾ..."

"ಅವ್ರು ಆಡ್ಲಿ ಬಿಡಿ ಸಿಸ್ಟರ್" ಎಂದರು ಗಿರಿಜಮ್ಮ. "ನಮ್ಮನೇಲಿ ಇನ್ನು ಸಾಕು."

ಅರ್ಧ ಗಂಟೆ ಮುಗಿದಿತ್ತು. ಸೊಸೆ ಕೈ ಚಾಚಿದರೂ ಕೂಸನ್ನು ಕೊಡದೆ ತಮ್ಮ ಹೆಗಲಿಗೇ ಹಾಕಿಕೊಂಡು ಅವರು ಎದ್ದು ನಿಂತರು.